ನಡುವೆ ಬಿಟ್ಟ ಮೂರು ಸಾಲು

ಇಂಗ್ಲಿಷ್ ಪ್ಯಾಸೇಜನ್ನು ಓದದೆಯೇ ಅದರ ಕೆಳಗಿನ ಐದು ಪ್ರಶ್ನೆಗಳಿಗೆ ಉತ್ತರ ಬರೆಯುವುದನ್ನು ಯಾರಾದರೂ ಕಲಿಯಬೇಕಿದ್ದರೆ ನನ್ನ ಹತ್ತಿರ ಕಳಿಸಿ. ಪ್ರಶ್ನೆಯಲ್ಲಿ ಎದ್ದು ಕಾಣುವ ಒಂದು ಪದ ಹಿಡಿಯಬೇಕು. ಆ ಪದ ಪ್ಯಾಸೇಜಿನಲ್ಲಿ ಎಲ್ಲಿದೆ ಎಂದು ಹುಡುಕಬೇಕು. ಸಿಕ್ಕ ಕೂಡಲೇ ಆ ವಾಕ್ಯವನ್ನು ಫುಲ್‌ಸ್ಟಾಪಿನಿಂದ ಫುಲ್‌ಸ್ಟಾಪಿನವರೆಗೆ ಉತ್ತರಪತ್ರಿಕೆಗೆ ಇಳಿಸಬೇಕು. ಅರ್ಥದ ಗೊಡವೆ ಬೇಡ. ಹೈಸ್ಕೂಲಿನಲ್ಲಿ ನಮ್ಮ ಮೇಷ್ಟ್ರು ಇದನ್ನು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸಿಕೊಟ್ಟಿದ್ದರು. ಎಸ್ಸೆಸ್ಸೆಲ್ಸಿ, ಪಿಯುಸಿ, ಬಿ.ಎ.ಯ ಮೊದಲೆರಡು ವರ್ಷ, ಎಲ್ಲೂ ಈ ಉಪಾಯ ನನ್ನ ಕೈಬಿಡಲಿಲ್ಲ. ಹೋದ ಸೆಮಿಸ್ಟರಿನಲ್ಲಿ ಇಂಗ್ಲಿಷಿಗೆ ಎಪ್ಪತ್ತನಾಲ್ಕು ಬಂದಿತ್ತು.

ನಮ್ಮೂರು ಯಗಟಿಯ ಪಕ್ಕದಲ್ಲಿದೆ. ಅಲ್ಲಿಂದ ಕಡೂರಿಗೆ ಬಸ್ಸಿನಲ್ಲಿ ಹೋಗಿ ಇಂಗ್ಲಿಷನ್ನೇ ಮುಖ್ಯ ವಿಷಯ ಮಾಡಿಕೊಂಡು ಬಿ.ಎ. ಓದುತ್ತಿರುವವಳು ನಾನೊಬ್ಬಳೇ. ಹಾಗಾಗಿ ಊರಿನ ಇಂಗ್ಲಿಷೆಲ್ಲ ನಮ್ಮ ಮನೆ ಬಾಗಿಲಿಗೆ ಬರುತ್ತಿತ್ತು. ಔಷಧಿ ಡಬ್ಬದ ಮೇಲಿನ ಅಕ್ಷರ, ಬ್ಯಾಂಕಿನ ಮೆಸೇಜು, ಹೊಸ ಪಂಪಿನ ಜೊತೆ ಬಂದ ಪುಸ್ತಕ. ನಾನು ಒಮ್ಮೆ ಕಣ್ಣಾಡಿಸಿ ಏನಾದರೊಂದು ಹೇಳಿ ಕಳಿಸುತ್ತಿದ್ದೆ. ಫೋನಿನಲ್ಲಿ ಫೋಟೋ ಹೊಡೆದರೆ ಕನ್ನಡ ಮಾಡಿಕೊಡುವ ಆಪ್ ಇದೆ ಎಂದು ನನಗೆ ಗೊತ್ತಿಲ್ಲದೆ ಇಲ್ಲ. ಆದರೆ ಹತ್ತು ಜನರ ಮುಂದೆ ಅದನ್ನು ತೆಗೆದರೆ ನನ್ನ ಬಿ.ಎ.ಗೆ ಏನು ಬೆಲೆ? ಒಮ್ಮೆ ಲಕ್ಕಣ್ಣನ ಮಗ "ನಿಂಗೆ ನಿಜ್ವಾಗ್ಲೂ ಬತ್ತದಾ?" ಎಂದು ಕೇಳಿದ್ದಕ್ಕೆ ಅವನ ಜೊತೆ ಮೂರು ತಿಂಗಳು ಮಾತು ಬಿಟ್ಟಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಯಾವ ವಿಷಯಕ್ಕೆ ಬೇಗ ಬರುತ್ತದೆ ಎಂದು ಯೋಚಿಸುವ ಬುದ್ಧಿ ಮಾತ್ರ ಇರಲಿಲ್ಲ.

ದೊಡ್ಡಮ್ಮನ ಚೀಟಿ ಬಂದದ್ದು ಹೀಗಿರುವಾಗಲೇ. ಹುಲಿಯಮ್ಮ ನನ್ನ ಅಮ್ಮನ ಅಕ್ಕ. ಪಕ್ಕದ ಮನೆಯಲ್ಲೇ ಇದ್ದಾಳೆ, ಮೂವತ್ತೆಂಟು ಕುರಿ ಸಾಕಿದ್ದಾಳೆ. ಸಹಿ ಮಾಡಲು ಬರುವುದಿಲ್ಲ. ಆದರೆ ಯಾವ ಕುರಿ ಯಾವುದರ ಮರಿ, ಅದರ ಅಜ್ಜಿಯ ಕಿವಿಯಲ್ಲಿ ಯಾವ ಮಚ್ಚೆ ಇತ್ತು ಎಂದು ಕೇಳಿದರೆ ನಿದ್ದೆಗಣ್ಣಿನಲ್ಲೂ ಹೇಳುತ್ತಾಳೆ. ಎರಡು ವರ್ಷದ ಹಿಂದೆ ಅವಳ ಎದೆಗೆ ಶಿವಮೊಗ್ಗದಲ್ಲಿ ಸ್ಟೆಂಟ್ ಹಾಕಿಸಿದ್ದರು. ಅಂದಿನಿಂದ ರಕ್ತ ಗಟ್ಟಿಯಾಗದಂತೆ ಒಂದು ಮಾತ್ರೆ, ಬಿ.ಪಿ.ಗೆ ಒಂದು ಮಾತ್ರೆ. ಈಗ ಹೊಟ್ಟೆಯ ಕೆಳಗೆ ಹರ್ನಿಯಾ ಕಾಣಿಸಿಕೊಂಡಿತ್ತು. ಗುರುವಾರಕ್ಕೊಮ್ಮೆ ಒಬ್ಬ ಸರ್ಜನ್ ತರೀಕೆರೆಯ ನರ್ಸಿಂಗ್ ಹೋಮಿಗೆ ಬರುತ್ತಾರೆ ಎಂದು ಯಾರೋ ಹೇಳಿ, ಅವಳ ಮಗ ಪ್ರಕಾಶಣ್ಣ ತೋರಿಸಿಕೊಂಡು ಬಂದ. ಬರುವಾಗ ಒಂದು ಹಾಳೆ ತಂದ. ಆಪರೇಷನ್ನಿಗೆ ಮೊದಲು ಏನೇನು ಮಾಡಬೇಕು ಎಂದು ಅದರಲ್ಲಿ ಅಚ್ಚಾಗಿತ್ತು, ಪೂರ್ತಿ ಇಂಗ್ಲಿಷಿನಲ್ಲಿ.

"ಅಲ್ಲೇ ಕೇಳ್ಬೇಕಿತ್ತು ಕಣಣ್ಣಾ," ಅಂದೆ.

"ಕೇಳ್ದೆ. ಚೀಟೀಲಿ ಎಲ್ಲಾ ಐತೆ, ಮನೇಲಿ ಓದೋರ್ ಇಲ್ವಾ ಅಂದ್ರು. ನಮ್ಮನೇಲಿ ಇಂಗ್ಲಿಷ್ ಬಿ.ಎ. ಐತೆ ಅಂದ್ಬಿಟ್ಟೆ," ಎಂದು ಅವನು ನಕ್ಕ.

ಜಗಲಿಯ ಮೇಲೆ ಆರೇಳು ಜನ ಕೂತಿದ್ದರು. ದೊಡ್ಡಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು, ಪಂಚಾಯ್ತಿ ಮುಂದೆ ಕೂತವಳ ಹಾಗೆ ನೆಟ್ಟಗೆ ಕೂತಳು. ಹಾಳೆಯಲ್ಲಿ ಮೇಲೆ ಮೂರು ಸಾಲು, ಕೆಳಗೆ ಮೂರು ಸಾಲು, ನಡುವೆ ಚೌಕಟ್ಟಿನೊಳಗೆ ಒತ್ತೊತ್ತಾಗಿ ಇನ್ನು ಮೂರು ಸಾಲು. ಚೌಕಟ್ಟಿನೊಳಗಿನ ಪದಗಳು ಉದ್ದುದ್ದ ಇದ್ದವು. ಅಲ್ಲಿ ಕಣ್ಣು ಜಾರಿ ಕೆಳಗಿಳಿಯಿತು.

"ಯಾವತ್ತು ಬರ್ಬೇಕಂತೆ?" ದೊಡ್ಡಮ್ಮ ಕೇಳಿದಳು.

ದಿನಾಂಕ ಹುಡುಕಿದೆ, ಸಿಕ್ಕಿತು. "ಮುಂದಿನ ವಾರ ಬಿಟ್ಟು ಅದರ ಮುಂದಿನ ಗುರುವಾರ. ಬೆಳಿಗ್ಗೆ ಒಂಬತ್ತಕ್ಕೆ."

"ಊಟ?"

'ಫುಡ್' ಎಂಬ ಪದ ಸಿಕ್ಕಿತು. "ಹಿಂದಿನ ರಾತ್ರಿಯಿಂದ ಏನೂ ತಿನ್ಬಾರ್ದು."

"ಮಾತ್ರೆ ನುಂಗ್ತಾ ಇರಾದಾ, ಬಿಡಾದಾ?"

'ಟ್ಯಾಬ್ಲೆಟ್ಸ್' ಕೊನೆಯ ಸಾಲಿನಲ್ಲಿ ಕಂಡಿತು, ಪಕ್ಕದಲ್ಲೇ 'ಕಂಟಿನ್ಯೂ' ಇತ್ತು. ಸಾಕಲ್ಲ. "ನುಂಗ್ತಾ ಇರು ದೊಡ್ಡಮ್ಮ. ಒಂದಿನಾನೂ ಬಿಡ್ಬೇಡ."

"ನೋಡ್ದಾ, ಹೆಂಗ್ ಓದ್ತು," ಎಂದು ದೊಡ್ಡಮ್ಮ ಎಲ್ಲರ ಮುಖ ನೋಡಿದಳು. ನನಗೂ ಹಿಗ್ಗಾಯಿತು. ಸುಳ್ಳೇಕೆ ಹೇಳಲಿ.

ಅದಾದ ಮೇಲೆ ಬಂದ ಎರಡನೇ ಗುರುವಾರ ಬೆಳಿಗ್ಗೆ ದೊಡ್ಡಮ್ಮ, ಪ್ರಕಾಶಣ್ಣ ಇಬ್ಬರೂ ಅವನ ಸ್ನೇಹಿತನ ಕಾರಿನಲ್ಲಿ ತರೀಕೆರೆಗೆ ಹೊರಟರು, ನಾನು ಕಾಲೇಜಿಗೆ ಹೊರಟೆ.

ವನಜಾಕ್ಷಿ ಮೇಡಂ ನಮಗೆ ಈ ವರ್ಷ ಹೊಸಬರು. ನಮ್ಮ ಕ್ಲಾಸಿನಲ್ಲಿ ಹನ್ನೊಂದು ಜನ. ಅವತ್ತು ಅವರು ಒಂದು ಪ್ಯಾಸೇಜನ್ನು ಎಲ್ಲರಿಗೂ ಹಂಚಿದರು. ಅದರ ಕೆಳಗೆ ಪ್ರಶ್ನೆಗಳೇ ಇರಲಿಲ್ಲ. ಜೇನುಹುಳುಗಳ ಬಗ್ಗೆ ಏನೋ ಇತ್ತು.

"ಪ್ರಶ್ನೆ ಎಲ್ಲಿ ಮೇಡಂ?" ಎಂದು ನಾನೇ ಕೇಳಿದೆ.

"ಪ್ರಶ್ನೆ ಇಲ್ಲ. ಓದಿ, ಏನು ಹೇಳ್ತಿದಾರೆ ಅಂತ ನಿಮ್ಮ ಮಾತಲ್ಲಿ ಹೇಳಿ. ಕನ್ನಡದಲ್ಲೇ ಹೇಳಿ, ಪರವಾಗಿಲ್ಲ. ಪ್ರಜ್ಞಾ, ನೀವೇ ಶುರು ಮಾಡಿ."

ಎದ್ದು ನಿಂತೆ. ಪ್ರಶ್ನೆಯಿಲ್ಲದೆ ಎಲ್ಲಿಂದ ಹಿಡಿಯುವುದು? ಮೊದಲ ಸಾಲು ಹೇಳಿದೆ. ಕೊನೆಯ ಸಾಲು ಹೇಳಿದೆ. ಮೇಡಂ ಕಾಯುತ್ತಲೇ ಇದ್ದರು. ಅವರು ಬೈಯಲಿಲ್ಲ, ಬೈದಿದ್ದರೆ ನಾನೂ ಏನಾದರೂ ಅಂದು ಕೂರುತ್ತಿದ್ದೆ.

"ನಡುವಿನದ್ದು?" ಅಂದರು.

"ನಡುವಿನದ್ದು... ಅದೇ ಮೇಡಂ, ಜೇನುಹುಳದ್ದೇ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ಹತ್ತಿರ ಬಂದು ನನ್ನ ಹಾಳೆಯನ್ನು ನೋಡಿದರು. "ನಡುವಿನ ಮೂರು ಸಾಲು ನೀವು ಓದೇ ಇಲ್ಲ ಅಲ್ವಾ? ಈ ಲೇಖನ ಬರೆದದ್ದೇ ಆ ಮೂರು ಸಾಲಿಗೋಸ್ಕರ. ಕಷ್ಟದ್ದನ್ನ ಬಿಟ್ಟು ಸುಲಭದ್ದನ್ನ ಓದಿದ್ರೆ ಅದು ಓದು ಅಲ್ಲ ಕಣಮ್ಮ. ಕೂತ್ಕೊಳ್ಳಿ."

ಮೈ ಉರಿಯಿತು. ಇವರಿಗೇನು ಗೊತ್ತು, ಎಪ್ಪತ್ತನಾಲ್ಕು ಇವರ ಮನೆಯಿಂದ ತಂದು ಕೊಟ್ಟರಾ ಎಂದು ಮನಸ್ಸಿನಲ್ಲೇ ಬೈದುಕೊಂಡು ಕೂತೆ. ಕೂತು ಒಂದು ನಿಮಿಷ ಆಗಿರಬೇಕು. ದೊಡ್ಡಮ್ಮನ ಹಾಳೆಯ ನಡುವಿನ ಚೌಕಟ್ಟು ಕಣ್ಣ ಮುಂದೆ ಬಂತು. ಅಲ್ಲೂ ಮೂರು ಸಾಲು. ಉರಿಯುತ್ತಿದ್ದ ಮೈ ಹಾಗೇ ತಣ್ಣಗಾಯಿತು.

ಹಾಳೆಯ ಫೋಟೋವನ್ನು ಪ್ರಕಾಶಣ್ಣ ಅವತ್ತೇ ನನಗೂ ವಾಟ್ಸಪ್ ಮಾಡಿದ್ದ. ಡೆಸ್ಕಿನ ಕೆಳಗೆ ಫೋನು ಹಿಡಿದು ಆಪಿಗೆ ಕೊಟ್ಟೆ. ಕನ್ನಡ ಅಕ್ಷರ ಒಂದೊಂದಾಗಿ ಬಂದು ಕೂತವು. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಶಸ್ತ್ರಚಿಕಿತ್ಸೆಗೆ ಐದು ದಿನ ಮೊದಲು ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಕಡ್ಡಾಯವಾಗಿ ವೈದ್ಯರಿಗೆ ತಿಳಿಸಬೇಕು. ತೀವ್ರ ರಕ್ತಸ್ರಾವದ ಅಪಾಯವಿದೆ. ಚೌಕಟ್ಟಿನ ಕೆಳಗೆ ಬಿ.ಪಿ. ಮಾತ್ರೆಗಳನ್ನು ಮಾತ್ರ ಮುಂದುವರಿಸಿ ಎಂದಿತ್ತು. ನಾನು ಹಿಡಿದು ಹೇಳಿದ್ದು ಅದೊಂದನ್ನೇ.

ಪಕ್ಕದಲ್ಲಿದ್ದ ಅಲ್ಮಾಸ್ ಬಗ್ಗಿ ನೋಡಿದಳು. ಅವಳು ಅಜ್ಜಂಪುರದವಳು, ಮೂರು ವರ್ಷದಿಂದ ಒಂದೇ ಬೆಂಚು. "ಏನೇ ಇದು? ಯಾರ್ ಚೀಟಿ?"

ಎದ್ದು ಹೊರಗೆ ಓಡಿದೆ. ಮೇಡಂ ಏನೋ ಕೇಳಿದರು, ಕೇಳಿಸಲಿಲ್ಲ. ಕಾರಿಡಾರಿನ ತುದಿಗೆ ಹೋಗಿ ಪ್ರಕಾಶಣ್ಣನಿಗೆ ಫೋನು ಹಚ್ಚಿದೆ. ಎರಡನೇ ರಿಂಗಿಗೇ ಎತ್ತಿದ.

"ಹೇಳು ಪ್ರಜ್ಞಾ. ಅಡ್ಮಿಟ್ ಆಯ್ತು. ಮಧ್ಯಾಹ್ನ ಎರಡ್ ಗಂಟೆಗೆ ಆಪರೇಷನ್ ಅಂತೆ. ಏನ್ ಗೊತ್ತಾ? ಡಾಕ್ಟ್ರು ಬಂದು ಚೀಟೀಲಿ ಇರೋ ಥರ ಎಲ್ಲಾ ಮಾಡಿದೀರೇನಮ್ಮಾ ಅಂದ್ರು. ಅವ್ವ ಏನಂದ್ಲು ಗೊತ್ತಾ? ನಮ್ಮುಡ್ಗಿ ಇಂಗ್ಲಿಷ್ ಬಿ.ಎ., ಒಂದಕ್ಷರ ಬಿಡ್ದಂಗೆ ಓದಿ ಹೇಳೈತೆ, ಒಂದೂ ತಪ್ಪಿಲ್ಲ ಸ್ವಾಮಿ ಅಂದ್ಲು. ಡಾಕ್ಟ್ರು ನಕ್ಕಂಡ್ ಹೋದ್ರು."

ಆಗಲೇ ಹೇಳಬೇಕಿತ್ತು. ಅಣ್ಣಾ, ನಾನು ತಪ್ಪು ಓದಿದ್ದೆ, ಓಡಿಹೋಗಿ ಡಾಕ್ಟರಿಗೆ ಹೇಳು. ಇಷ್ಟೇ. ಬಾಯಿ ತೆರೆದೆ. ಬಂದದ್ದು, "ದೊಡ್ಡಮ್ಮ ಹೆಂಗಿದಾಳೆ?"

"ಗಟ್ಟಿಯಾಗವ್ಳೆ. ಲೇ, ಫೋನ್ ಬ್ಯಾಟ್ರಿ ಸಾಯ್ತಾ ಐತೆ, ಚಾರ್ಜರ್ ಕಾರಲ್ಲೇ ಹೋಯ್ತು. ಇಡ್ತೀನಿ."

"ನಾನ್ ಬತ್ತೀನಿ ಅಣ್ಣಾ," ಅನ್ನುವಷ್ಟರಲ್ಲಿ ಕಟ್ಟಾಯಿತು. ಧೈರ್ಯ ತಂದುಕೊಂಡು ಮತ್ತೆ ಮಾಡಿದೆ. ಸ್ವಿಚ್ ಆಫ್. ಎರಡು ನಿಮಿಷದ ಹಿಂದೆ ನನ್ನ ಕೈಯಲ್ಲೇ ಇದ್ದ ದಾರಿಯನ್ನು ನಾನೇ ಮುಚ್ಚಿದ್ದೆ. ಇದನ್ನು ಬರೆಯುವಾಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅಲ್ಮಾಸ್ ಎರಡೂ ಬ್ಯಾಗು ಹೊತ್ತು ಹಿಂದೆಯೇ ಬಂದಿದ್ದಳು. ಬಸ್ ಸ್ಟ್ಯಾಂಡಿಗೆ ಓಡುತ್ತ ಓಡುತ್ತ ಹೇಳಿದೆ. ಅವಳು ಅರ್ಧ ಕೇಳಿಯೇ "ಯಾ ಅಲ್ಲಾ" ಎಂದು ನನ್ನ ಕೈ ಹಿಡಿದುಕೊಂಡಳು. ಶಿವಮೊಗ್ಗದ ಬಸ್ಸು ಹೊರಡುತ್ತಿತ್ತು. ಹತ್ತಿದೆವು. ಗಂಟೆ ಹನ್ನೊಂದೂವರೆ.

ಸೀಟಿತ್ತು, ನಾನು ಕೂರಲಿಲ್ಲ. ಕೂತರೆ ಬಸ್ಸು ನಿಧಾನವಾಗುತ್ತದೆ ಎನ್ನುವ ಹಾಗೆ ಕಂಬಿ ಹಿಡಿದು ನಿಂತಿದ್ದೆ. ಅಲ್ಮಾಸ್ ನರ್ಸಿಂಗ್ ಹೋಮಿನ ನಂಬರು ಹುಡುಕಿ ಫೋನು ಮಾಡಿದಳು. ಒಂದು ಹೆಣ್ಣು ದನಿ ಇಂಗ್ಲಿಷಿನಲ್ಲಿ ಏನೇನೋ ಒತ್ತಿ ಎಂದಿತು. ಒತ್ತಿದಳು. ಸಂಗೀತ ಬಂತು. ಸಂಗೀತ ನಿಂತು ಫೋನು ಕಟ್ಟಾಯಿತು. ನಾಲ್ಕು ಸಲ ಹೀಗೇ ಆಯಿತು. ನಾಲ್ಕನೆಯ ಸಲ ನಾನು ಆ ದನಿಗೆ ಕನ್ನಡದಲ್ಲಿ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ.

ಬೀರೂರು ದಾಟಿ ಸ್ವಲ್ಪ ದೂರ ಹೋಗುತ್ತಿದ್ದ ಹಾಗೆ ಬಸ್ಸು ನಿಂತಿತು. ಮುಂದೆ ಲಾರಿ, ಅದರ ಮುಂದೆ ಲಾರಿ, ಕಣ್ಣು ಹಾಯುವಷ್ಟು ದೂರ ಬರೀ ಲಾರಿ. ತೆಂಗಿನಕಾಯಿ ತುಂಬಿದ ಟ್ರಕ್ಕೊಂದು ರಸ್ತೆಗೆ ಅಡ್ಡ ಮಲಗಿದೆಯಂತೆ. ಕಂಡಕ್ಟರ್ ಇಳಿದು ಬೀಡಿ ಹಚ್ಚಿದ್ದು ನೋಡಿದ ಮೇಲೆ ಇದು ಬೇಗ ಬಿಡುವ ಗಂಟಲ್ಲ ಎಂದು ಗೊತ್ತಾಯಿತು.

"ಎಷ್ಟೊತ್ತಾಗುತ್ತೆ ಸಾರ್?"

"ಕ್ರೇನ್ ಬರ್ಬೇಕಮ್ಮಾ. ಒಂದು ಗಂಟೆನೋ ಒಂದೂವರೆನೋ."

ನಾನು ಇಳಿದು ಲಾರಿಗಳ ಪಕ್ಕದಲ್ಲಿ ನಡೆಯತೊಡಗಿದೆ. ತರೀಕೆರೆಗೆ ನಡೆದೇ ಹೋಗುತ್ತೇನೆ ಎನ್ನುವ ಹಾಗೆ. ಅಲ್ಮಾಸ್ ಓಡಿ ಬಂದು ಜಡೆ ಹಿಡಿದು ನಿಲ್ಲಿಸಿದಳು. "ಎಲ್ಲಿಗೇ? ತಲೆ ಕೆಟ್ಟಿದ್ಯಾ? ವಾಪಸ್ ಬೀರೂರಿಗೆ ಹೋಗಿ ನಮ್ಮೂರ ಬಸ್ ಹತ್ತೋಣ. ಅಜ್ಜಂಪುರದಿಂದ ತರೀಕೆರೆಗೆ ನಮ್ಮ ಭಾಯ್ ಗಾಡಿ ಇದೆ, ದಿನಾ ಹೋಗ್ತಾನೆ. ಸುತ್ತಾದ್ರೂ ದಾರಿ ಖಾಲಿ."

ಹಿಂದಕ್ಕೆ ಹೋಗುತ್ತಿದ್ದ ಆಟೋ ಹಿಡಿದು ಬೀರೂರಿಗೆ ಬಂದೆವು. ಅಜ್ಜಂಪುರದ ಬಸ್ಸು ಸಿಕ್ಕಿತು. ಸಿಕ್ಕ ಬಸ್ಸು ಕೈ ತೋರಿಸಿದವರಿಗೆಲ್ಲ ನಿಲ್ಲುವ ಪುಣ್ಯಾತ್ಮ. ಒಬ್ಬಾಕೆ ಹತ್ತುವಾಗ ಮೂರು ಚೀಲ ಒಂದೊಂದಾಗಿ ಏರಿಸಿ, ನಾಲ್ಕನೆಯದಕ್ಕೆ ಮತ್ತೆ ಇಳಿದು ಹೋದಾಗ ನಾನು ಕಿಟಕಿಯ ಕಂಬಿ ಕಚ್ಚುವುದೊಂದು ಬಾಕಿ.

"ಅಲ್ಲಿ ಹೋಗಿ ಏನ್ ಹೇಳ್ತೀಯಾ?" ಅಲ್ಮಾಸ್ ಮೆಲ್ಲಗೆ ಕೇಳಿದಳು.

"ಮಾತ್ರೆ ನಿಲ್ಸಿಲ್ಲ ಅಂತ."

"ಯಾಕ್ ನಿಲ್ಸಿಲ್ಲ ಅಂತ ಕೇಳ್ತಾರೆ."

ಕಿಟಕಿಯಾಚೆ ಯಾರೋ ಈರುಳ್ಳಿ ಒಣಹಾಕಿದ್ದರು. ನಾನು ಅದನ್ನೇ ನೋಡಿದೆ.

"ದೊಡ್ಡಮ್ಮ ಮರೆತ್ರು ಅಂದ್ಬಿಡು," ಅಂದಳು ಅಲ್ಮಾಸ್. "ವಯಸ್ಸಾದೋರು, ಮರೀತಾರೆ. ಯಾರೂ ಏನೂ ಅನ್ನಲ್ಲ. ಜೀವ ಉಳಿದ್ರೆ ಆಯ್ತಲ್ವಾ?"

ಅವಳ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದದ್ದು ಸಮಾಧಾನ. ಅವಳು ಹೇಳುವುದಕ್ಕೆ ಮೊದಲೇ ನಾನೂ ಅದನ್ನೇ ಯೋಚಿಸುತ್ತಿದ್ದೆ. ಊರಿಗೆಲ್ಲ ಗೊತ್ತಾದರೆ? ಲಕ್ಕಣ್ಣನ ಮಗನಿಗೆ? ಇಷ್ಟು ದಿನ ನಾನು ಓದಿ ಹೇಳಿದ್ದನ್ನೆಲ್ಲ ಜನ ಒಂದೊಂದಾಗಿ ತಿರುಗಿ ನೋಡುತ್ತಾರೆ. ಅಪ್ಪ ಚಂದ್ರಕುಮಾರ್ ಪಂಚಾಯ್ತಿಯಲ್ಲಿ ವಾಟರ್‌ಮ್ಯಾನ್. ಸಿಕ್ಕವರಿಗೆಲ್ಲ ನನ್ನ ಮಾರ್ಕ್ಸ್ ಕಾರ್ಡಿನ ಸುದ್ದಿ ಹೇಳುತ್ತಾನೆ.

"ನಿಂಗೆ ಅರ್ಥ ಆಗುತ್ತಾ ಅಲ್ಮಾಸ್? ಇಂಗ್ಲಿಷು?" ಎಂದೆ.

"ನಂಗಾ? ಮನೇಲಿ ದಖ್ನಿ, ಅರಬ್ಬಿ ಮದರಸಾದಲ್ಲಿ, ಉರ್ದು ನಮ್ಮಜ್ಜಿ ಕಲ್ಸಿದ್ದು, ಕನ್ನಡ ಸ್ಕೂಲಲ್ಲಿ. ಇಂಗ್ಲಿಷು ಸೆಕೆಂಡ್ ಲ್ಯಾಂಗ್ವೇಜ್ ಅಂತಾರೆ, ನಂಗೆ ಐದನೇದು. ಅರ್ಧ ಅರ್ಥ ಆಗುತ್ತೆ. ಇನ್ನರ್ಧ ನಿನ್ನ ನೋಡಿ ಬರೀತೀನಿ," ಎಂದು ನಕ್ಕಳು. ನನಗೂ ಆ ಹೊತ್ತಿನಲ್ಲಿ ನಗು ಬಂದದ್ದು ಹೇಗೋ ತಿಳಿಯದು. ನಕ್ಕ ಕೂಡಲೇ ಅಳು ಬಂತು.

ಅಜ್ಜಂಪುರಕ್ಕೆ ಬಂದಾಗ ಒಂದು ಗಂಟೆಗೆ ಹತ್ತು ನಿಮಿಷವಿತ್ತು. ಅಲ್ಮಾಸ್ ಬಸ್ಸಿನಿಂದಲೇ ಫೋನು ಮಾಡಿ ಹೇಳಿದ್ದರಿಂದ ಅವಳ ಅಣ್ಣ ಬಿಲಾಲ್ ಕೋಳಿ ಸಾಗಿಸುವ ಗಾಡಿಯನ್ನು ಬಸ್ ಸ್ಟ್ಯಾಂಡಿನ ಎದುರಿಗೇ ತಂದು ನಿಲ್ಲಿಸಿಕೊಂಡಿದ್ದ. ಮೂವತ್ತು ದಾಟಿದ, ಮೆತ್ತಗಿನ ಮನುಷ್ಯ. ಹಿಂದೆ ಖಾಲಿ ಪಂಜರಗಳು. ಅವುಗಳ ವಾಸನೆ ಮುಂದಿನವರೆಗೂ ಬರುತ್ತಿತ್ತು.

"ಎರಡರೊಳಗೆ ಮುಟ್ಟಿಸ್ತೀಯಾ ಭಾಯ್?" ಎಂದು ಅಲ್ಮಾಸ್ ಕೇಳಿದಳು.

"ಕೋಳಿ ಇದ್ದಿದ್ರೆ ಆಗ್ತಿರ್ಲಿಲ್ಲ. ನೀವಿಬ್ರೇ ಅಲ್ವಾ, ಆಗುತ್ತೆ."

ಅವನು ಮಾತಿಗೆ ತಪ್ಪಲಿಲ್ಲ. ಗುಂಡಿ ಬಂದಾಗಲೆಲ್ಲ ಹಿಂದಿನ ಪಂಜರಗಳು ಒಂದಕ್ಕೊಂದು ಬಡಿದು ಗದ್ದಲ ಮಾಡುತ್ತಿದ್ದವು. ನಾನು ಪ್ರತಿ ಮೈಲಿಗೊಮ್ಮೆ ಪ್ರಕಾಶಣ್ಣನ ಫೋನಿಗೆ ಪ್ರಯತ್ನಿಸಿದೆ. ನಡುವೆ ದೊಡ್ಡಮ್ಮ ಮರೆತಳು, ದೊಡ್ಡಮ್ಮ ಮರೆತಳು ಎಂದು ಬಾಯಿಪಾಠ ಮಾಡಿಕೊಂಡೆ. ಪರೀಕ್ಷೆಗೆ ಹೋಗುವ ದಿನ ಬಸ್ಸಿನಲ್ಲಿ ಉತ್ತರ ಉರು ಹೊಡೆಯುವ ಹಾಗೆ.

ತರೀಕೆರೆಯ ನರ್ಸಿಂಗ್ ಹೋಮಿನ ಮೆಟ್ಟಿಲು ಹತ್ತುವಾಗ ಗಂಟೆ ಒಂದೂ ಮುಕ್ಕಾಲು. ದೊಡ್ಡಮ್ಮನಿಗೆ ಹಸಿರು ಅಂಗಿ ತೊಡಿಸಿ ಗಾಲಿ ಮಂಚದ ಮೇಲೆ ಮಲಗಿಸಿದ್ದರು. ಕೈಬಳೆ ತೆಗೆದಿದ್ದರು, ಮೂಗುಬೊಟ್ಟು ತೆಗೆದಿದ್ದರು. ಅದಿಲ್ಲದೆ ಅವಳನ್ನು ನಾನು ಯಾವತ್ತೂ ನೋಡಿರಲಿಲ್ಲ. ಒಬ್ಬ ಸಿಸ್ಟರ್ ಒಪ್ಪಿಗೆ ಪತ್ರ ಹಿಡಿದು ನಿಂತಿದ್ದಳು. ಪ್ರಕಾಶಣ್ಣ ಪಕ್ಕದಲ್ಲಿದ್ದ.

"ಅಗೋ ಬಂತು ನಮ್ಮ ಹುಡ್ಗಿ," ದೊಡ್ಡಮ್ಮನ ಮುಖ ಅರಳಿತು. "ಸಿಸ್ಟ್ರಮ್ಮಾ, ಆ ಕಾಗ್ದ ಅದ್ರ ಕೈಗೆ ಕೊಡಿ. ಅದು ಓದಿ ಹೇಳ್ಲಿ, ಆಮೇಲೆ ಹೆಬ್ಬೆಟ್ಟು ಒತ್ತೀನಿ."

ನಾನು ಕಾಗದ ಮುಟ್ಟಲಿಲ್ಲ. "ಸಿಸ್ಟರ್, ಡಾಕ್ಟ್ರನ್ನ ಕರೀರಿ. ರಕ್ತ ತೆಳು ಮಾಡೋ ಮಾತ್ರೆ ಇವ್ರು ನಿಲ್ಸಿಲ್ಲ. ಇವತ್ತು ಬೆಳಿಗ್ಗೇನೂ ನುಂಗಿರ್ತಾರೆ."

ಸಿಸ್ಟರ್ ಮುಖದ ಬಣ್ಣ ಬದಲಾಯಿತು. ಓಡಿದಳು. ಡಾಕ್ಟರು ಬಂದರು, ತಲೆಗೆ ಟೋಪಿ, ಕುತ್ತಿಗೆಗೆ ಜಾರಿಸಿದ ಮಾಸ್ಕು. ಫೈಲು ತಿರುಗಿಸಿ ನೋಡಿದರು, ದೊಡ್ಡಮ್ಮನನ್ನು ಕೇಳಿದರು. ಹೌದು, ಬೆಳಿಗ್ಗೆ ಒಂದು ಗುಟುಕು ನೀರಿನಲ್ಲಿ ಎರಡೂ ಮಾತ್ರೆ ನುಂಗಿದೀನಿ ಅಂದಳು.

"ಬೆಳಿಗ್ಗೆ ಕೇಳಿದ್ನಲ್ಲಮ್ಮಾ, ಎಲ್ಲಾ ಮಾಡಿದೀನಿ ಅಂದ್ಯಲ್ಲ?" ಡಾಕ್ಟರ ದನಿ ಏರಿತು. "ಕೊಯ್ದಿದ್ರೆ ರಕ್ತ ನಿಲ್ತಿರ್ಲಿಲ್ಲ. ಇಷ್ಟು ದೊಡ್ಡ ಚೌಕ ಹಾಕಿ ಬರೆದಿದೀವಿ. ಯಾಕೆ ನಿಲ್ಸಿಲ್ಲ?"

ಎಲ್ಲರೂ ನನ್ನ ಕಡೆ ನೋಡಿದರು. ಬಾಯಿಪಾಠ ಮಾಡಿಕೊಂಡದ್ದು ತಾನಾಗಿಯೇ ಹೊರಗೆ ಬಂತು. "ಮರೆತಿದಾರೆ ಸಾರ್. ವಯಸ್ಸಾಯ್ತಲ್ಲ."

ಪ್ರಕಾಶಣ್ಣ ಏನೋ ಹೇಳಲು ಬಾಯಿ ತೆರೆದ. ಅವನು ಅವತ್ತು ಜಗಲಿಯ ಮೇಲೇ ಇದ್ದ. ದೊಡ್ಡಮ್ಮ ಕೈ ಎತ್ತಿ ಅವನನ್ನು ತಡೆದಳು. ನನ್ನನ್ನು ನೋಡಿದಳು. ಮೂವತ್ತೆಂಟು ಕುರಿಯ ಅಜ್ಜಿಯರನ್ನು ನೆನಪಿಟ್ಟುಕೊಂಡವಳು, ಒಂದಿನಾನೂ ಬಿಡ್ಬೇಡ ಎಂದ ನನ್ನ ಮಾತನ್ನು ಮರೆತಿರಲು ಸಾಧ್ಯವೇ ಇರಲಿಲ್ಲ. ನೋಡಿದಳು, ಆಮೇಲೆ ಡಾಕ್ಟರ ಕಡೆ ತಿರುಗಿದಳು.

"ಊಂ ಸ್ವಾಮಿ. ಹುಡ್ಗಿ ಸರ್ಯಾಗೇ ಹೇಳಿತ್ತು. ನಾನೇ ಮರ್ತೆ. ನನ್ನ ತಲೆಗಿಷ್ಟು ಬೆಂಕಿ ಹಾಕ."

"ಓದಿದೋರು ಹೇಳಿದ್ರೂ ಹೀಗೆ ಮಾಡಿದ್ರೆ ಹೆಂಗಮ್ಮಾ?" ಡಾಕ್ಟರು ಅವಳನ್ನು ಬೈದರು, ಚೆನ್ನಾಗಿಯೇ ಬೈದರು. ಅವಳು ತಪ್ಪು ಮಾಡಿದ ಮಗುವಿನ ಹಾಗೆ ತಲೆಯಾಡಿಸುತ್ತ ಬೈಸಿಕೊಂಡಳು. ಊರಿನಲ್ಲಿ ಅವಳಿಗೆ ಎದುರು ಮಾತಾಡುವ ಗಂಡಸು ಇಲ್ಲ. ಬೈದು ಮುಗಿಸಿದ ಡಾಕ್ಟರು ನನ್ನ ಕಡೆ ತಿರುಗಿ, ಸ್ವಲ್ಪ ಮೆತ್ತಗಾಗಿ, ಇಂಗ್ಲಿಷಿನಲ್ಲಿ ಮಾತಾಡಿದರು. ನೀನೇನಾ ಬಿ.ಎ. ಇಂಗ್ಲಿಷ್ ಹುಡುಗಿ, ಸಮಯಕ್ಕೆ ಬಂದೆ, ಒಳ್ಳೆಯ ಕೆಲಸ ಮಾಡಿದೆ ಎಂದರು. ಅಷ್ಟೂ ನನಗೆ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು.

ನಾನೂ ಇಂಗ್ಲಿಷಿನಲ್ಲೇ ಹೇಳಿದೆ. ಮೂರು ವರ್ಷದಲ್ಲಿ ಯಾವ ಗೈಡಿನಲ್ಲೂ ಇರದ, ಯಾರೂ ಬೋರ್ಡಿನ ಮೇಲೆ ಬರೆಯದ, ನಾನೇ ಕಟ್ಟಿದ ಮೊದಲ ಇಂಗ್ಲಿಷ್ ಮಾತು ಅದು.

"ನೋ ಸಾರ್. ಶೀ ನಾಟ್ ಫರ್ಗೆಟ್. ಐ ಟೋಲ್ಡ್ ರಾಂಗ್. ಐ ಡೋಂಟ್ ನೋ ರೀಡಿಂಗ್."

ಬಾಗಿಲಲ್ಲಿ ನಿಂತಿದ್ದ ಅಲ್ಮಾಸ್ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು. ಡಾಕ್ಟರು ನನ್ನನ್ನೇ ನೋಡುತ್ತ ನಿಂತರು, ಬೈಯಲೂ ಇಲ್ಲ, ಹೊಗಳಲೂ ಇಲ್ಲ.

"ಏನಂದ್ಲು?" ದೊಡ್ಡಮ್ಮ ಕೇಳಿದಳು. "ಲೇ ಪ್ರಜ್ಞಾ, ಡಾಕ್ಟ್ರಿಗೆ ಇಂಗ್ಲಿಷಲ್ಲಿ ಏನಂದೆ? ನಂಗೂ ಹೇಳು."

ಇಂಗ್ಲಿಷಿನಲ್ಲಿ ಹೇಳಿದ್ದು ಸುಲಭವಾಗಿತ್ತು. ಕನ್ನಡದಲ್ಲಿ ಅದೇ ಮಾತಿಗೆ ಎರಡು ಪಟ್ಟು ಭಾರ. ಅವಳ ಮಂಚದ ಕಂಬಿ ಹಿಡಿದುಕೊಂಡು ಹೇಳಿದೆ. ಚೀಟಿಯನ್ನು ನಾನು ಪೂರ್ತಿ ಓದಿರಲಿಲ್ಲ. ನಡುವಿನದ್ದು ಅರ್ಥವಾಗಲಿಲ್ಲ, ಬಿಟ್ಟೆ. ಆ ಪಂಪಿನ ಪುಸ್ತಕ, ಬ್ಯಾಂಕಿನ ಮೆಸೇಜು, ಅವೂ ಅರ್ಧಂಬರ್ಧ. ಬೆಳಿಗ್ಗೆ ಫೋನಿನಲ್ಲಿ ಹೇಳಬಹುದಿತ್ತು, ನಾಚಿಕೆಯಾಗಿ ಹೇಳಲಿಲ್ಲ. ಈಗ ನಿನ್ನ ಮೇಲೆ ಹಾಕಿದೆ. ಎಲ್ಲ ಹೇಳಿದೆ.

ದೊಡ್ಡಮ್ಮ ಫ್ಯಾನಿನ ಕಡೆ ಮುಖ ತಿರುಗಿಸಿದಳು. ಕ್ಷಮಿಸಿದೆ ಎನ್ನಲಿಲ್ಲ. ಹತ್ತಿರ ಬಾ ಎಂದೂ ಅನ್ನಲಿಲ್ಲ. ನನ್ನ ಕೈ ಅವಳ ಕೈಗೆ ಮುಟ್ಟುವಷ್ಟು ಹತ್ತಿರವಿತ್ತು, ಅವಳು ಹಿಡಿಯಲಿಲ್ಲ.

ಆಪರೇಷನ್ ಮುಂದಿನ ಗುರುವಾರಕ್ಕೆ ಹೋಯಿತು. ಸಿಸ್ಟರ್ ಹೊಸ ಹಾಳೆ ತಂದಳು, ಅದೇ ಹಾಳೆ, ಹೊಸ ದಿನಾಂಕ. ಅಭ್ಯಾಸಬಲದಿಂದ ನನ್ನ ಕಡೆ ಚಾಚಿದಳು. ದೊಡ್ಡಮ್ಮ ಎದ್ದು ಕೂತು, ನಡುವೆ ಕೈ ಹಾಕಿ ಅದನ್ನು ತಾನೇ ತೆಗೆದುಕೊಂಡಳು. ಮಡಚಿ ಪ್ರಕಾಶಣ್ಣನಿಗೆ ಕೊಡುತ್ತಾಳೆ ಎಂದುಕೊಂಡೆ. ಇನ್ನು ಮೇಲೆ ನನಗೆ ಯಾರೂ ಏನೂ ಕೊಡುವುದಿಲ್ಲ ಎಂದುಕೊಂಡೆ.

ಅವಳು ಹಾಳೆಯನ್ನು ತೊಡೆಯ ಮೇಲೆ ಹರಡಿದಳು. ಕುರಿಯ ಹಗ್ಗ ಎಳೆದೆಳೆದು ದಡ್ಡುಗಟ್ಟಿದ ತೋರುಬೆರಳನ್ನು ಮೊದಲ ಸಾಲಿನ ಕೆಳಗೆ ಒತ್ತಿ ಇಟ್ಟಳು.

"ಬಾ, ಓದು. ನಾನು ಬೆರಳಿಟ್ಟ ಕಡೆ ಓದು. ಗೊತ್ತಿಲ್ದೆ ಹೋದ್ರೆ ಗೊತ್ತಿಲ್ಲ ಅನ್ನು."

ಮೊದಲ ಸಾಲು ಓದಿದೆ, ಹೇಳಿದೆ. ಬೆರಳು ಕೆಳಗೆ ಸರಿಯಿತು. ಎರಡನೆಯದು, ಮೂರನೆಯದು. ಬೆರಳು ಚೌಕಟ್ಟಿನೊಳಗೆ ಬಂದು ನಿಂತಿತು. ಅಲ್ಲಿ ಏನಿದೆ ಎಂದು ಬೆಳಿಗ್ಗೆಯಿಂದ ನನಗೆ ಬಾಯಿಪಾಠವಾಗಿತ್ತು, ಗಿಳಿಯ ಹಾಗೆ ಒಪ್ಪಿಸಬಹುದಿತ್ತು. ಆದರೆ ಬೆರಳ ಪಕ್ಕದಲ್ಲಿದ್ದ ಉದ್ದನೆಯ ಆ ಪದ ಏನೆಂದು ನನಗೆ ಈಗಲೂ ತಿಳಿದಿರಲಿಲ್ಲ.

"ಇದು ಗೊತ್ತಿಲ್ಲ ದೊಡ್ಡಮ್ಮ," ಅಂದೆ.

"ಕೇಳು ಹಂಗಾರೆ."

ಸಿಸ್ಟರ್ ಆಗಲೇ ಪಕ್ಕದ ರೂಮಿಗೆ ಹೋಗಿದ್ದಳು. ಕೂಗಿದೆ. ಬಂದೆ ಬಂದೆ ಎಂದಳು, ಬರುವುದು ತಡವಾಯಿತು. ಅಷ್ಟು ಹೊತ್ತೂ ದೊಡ್ಡಮ್ಮನ ಬೆರಳು ಆ ಸಾಲಿನ ಮೇಲಿಂದ ಕದಲಲಿಲ್ಲ.